ನೆಲತಾಳೆ

ಹುಲ್ಲಿನ ನಡುವೆ ಹುಲ್ಲಿನಂತೆಯೇ ಬೆಳೆದು, ಮಳೆಗಾಲದಲ್ಲಿ ನೆಲಕ್ಕೆ ಅಂಟಿಕೊಂಡಂತೆ ಹಳದಿ ಹೂ ಬಿಡುವ ಬಹುವಾರ್ಷಿಕ ಗಡ್ಡೆಗಿಡ. ಸಸ್ಯಶಾಸ್ತ್ರದ ಹೆಸರು ಕರ್ಕ್ಯುಲಿಗೊ ಆರ್ಕಿಯಾಯ್ಡಿಸ್; ಕುಟುಂಬ ಹೈಪಾಕ್ಸಿಡೇಸಿ. ಐರಿಸ್ ಹೂವಿನ ಇರಿಡೇಸಿ ಕುಟುಂಬ, ಸೀತಾಳೆ ದಂಡೆಯ ಆರ್ಕಿಡ್ ಕುಟುಂಬ, ಈರುಳ್ಳಿ-ಬೆಳ್ಳುಳ್ಳಿಯ ಕುಟುಂಬ ಎಲ್ಲವೂ ಇರುವ ಆಸ್ಪರಗೇಲ್ಸ್ ಗಣಕ್ಕೆ ಇದೂ ಸೇರಿದೆ. ಭಾರತದಿಂದ ಚೀನ, ಜಪಾನುಗಳವರೆಗೆ, ಆಗ್ನೇಯ ಏಷ್ಯವನ್ನು ದಾಟಿ ನ್ಯೂಗಿನಿಯವರೆಗೆ ಇದರ ಹರವು. ಕರ್ನಾಟಕದಲ್ಲಿ ಮಲೆನಾಡಿನ ಕಾಡಂಚಿನಲ್ಲೂ ಬಯಲುಸೀಮೆಯ ಗುಡ್ಡಗಳಲ್ಲೂ ಬೆಳೆಯುತ್ತದೆ. ತುಮಕೂರು ಜಿಲ್ಲೆಯ ಕಲ್ಲುಗುಡ್ಡಗಳ ಹುಲ್ಲಿನಲ್ಲಿ ಇದು ಬಹಳ ಹಳೆಯ ನಿವಾಸಿ. ಆದರೂ ಎದುರಿಗಿದ್ದಾಗಲೂ ಗುರುತು ಹಿಡಿಯುವವರು ಕಡಿಮೆ. ಗ್ರಂದಿಗೆ ಅಂಗಡಿಯಲ್ಲಿ ಇದರ ಒಣಗಿದ ಗಡ್ಡೆಯನ್ನು ಕರಿ ಮುಸಲಿ ಎಂದು ಕೇಳಿ ಕೊಳ್ಳುವವರಲ್ಲಿ ಹೂವನ್ನು ಕಂಡವರು ಇನ್ನೂ ವಿರಳ.

ಗುರುತು

ನೆಲದ ಮೇಲೆ ಕಾಣುವುದು ಎಲೆಗಳ ಒಂದು ಸಣ್ಣ ಗೊಂಚಲು ಮಾತ್ರ. ಕಾಂಡ ಕಣ್ಣಿಗೆ ಬೀಳುವುದಿಲ್ಲ. ಎಲೆಗಳು 15ರಿಂದ 45 ಸೆಂ.ಮೀ. ಉದ್ದ, 1ರಿಂದ 2.5 ಸೆಂ.ಮೀ. ಅಗಲವಿದ್ದು ಬುಡಕ್ಕೂ ತುದಿಗೂ ಕಿರಿದಾಗುತ್ತ ಹೋಗುತ್ತವೆ. ಎಲೆಯ ಉದ್ದಕ್ಕೂ ನೆರಿಗೆಗಳಿರುತ್ತವೆ. ಮೈಮೇಲೆ, ಮುಖ್ಯವಾಗಿ ನರಗಳ ಮೇಲೆ ಮತ್ತು ಅಂಚಿನಲ್ಲಿ, ಮೆತ್ತನೆಯ ಉದ್ದ ಕೂದಲು. ಹುಲ್ಲಿನ ಗರಿ ಈ ರೀತಿ ನೆರಿಗೆಗಟ್ಟುವುದು ಅಪರೂಪ. ಜೊತೆಗೆ, ಹುಲ್ಲಿನ ಗರಿಯು ಕಡ್ಡಿಯನ್ನು ಬಳಸಿ ನಿಂತು, ಬುಡದ ಒರೆಯೂ ಗರಿಯೂ ಕೂಡುವಲ್ಲಿ ಸಣ್ಣ ಪೊರೆಯನ್ನೋ ಕೂದಲ ಸಾಲನ್ನೋ ಹೊಂದಿರುತ್ತದೆ, ನೆಲತಾಳೆಯಲ್ಲಿ ಅದಿಲ್ಲ. ಬೆರಳಿನಿಂದ ಸವರಿ ನೋಡಿದವರಿಗೆ ಎರಡರ ನಡುವಿನ ವ್ಯತ್ಯಾಸ ಒಂದೇ ಸಲಕ್ಕೆ ತಿಳಿಯುತ್ತದೆ.

ಬಯಲುಸೀಮೆಯಲ್ಲಿ ಇದನ್ನು ಹುಲ್ಲಿಗಿಂತ ಹೆಚ್ಚಾಗಿ ಈಚಲ ಸಸಿಯೆಂದು ತಪ್ಪು ತಿಳಿಯುವ ಸಾಧ್ಯತೆ ಇದೆ. ಶಿರಾ, ಮಧುಗಿರಿಯ ಹಳ್ಳದ ದಂಡೆಗಳಲ್ಲಿ ಈಚಲು ಧಾರಾಳ. ಅದರ ಬೀಜ ಮೊಳೆತು ಮೊದಲು ಬರುವ ಎಲೆ ಸೀಳಿಲ್ಲದ, ನೆರಿಗೆಯುಳ್ಳ ಒಂಟಿ ಗರಿ. ಈಚಲ ಸಸಿಯ ಎಲೆ ಗಡುಸು, ಕೂದಲಿಲ್ಲದ್ದು, ನೆಟ್ಟಗೆ ನಿಲ್ಲುವಂಥದ್ದು. ನೆಲತಾಳೆಯ ಎಲೆ ಮೆದು, ಕೂದಲುಳ್ಳದ್ದು, ಸ್ವಲ್ಪ ಬೆಳೆದ ಕೂಡಲೇ ಹೊರಕ್ಕೆ ಬಾಗುವಂಥದ್ದು. ಹೀಗೆ ಬಾಗಿದ ಎಲೆಯ ತುದಿ ಒದ್ದೆ ಮಣ್ಣಿಗೆ ತಾಗಿದರೆ ಕೆಲವೊಮ್ಮೆ ಅಲ್ಲೇ ಬೇರು ಬಿಟ್ಟು ಮರಿಗಿಡ ಹುಟ್ಟಿಕೊಳ್ಳುತ್ತದೆ. ಮಳೆ ಸರಿಯಾಗಿ ಹಿಡಿದ ವರ್ಷ ಒಂದು ತಾಯಿಗಿಡದ ಸುತ್ತ ಮರಿಗಳು ಕಂಡುಬರಲು ಇದೂ ಒಂದು ಕಾರಣ.

ಹೂವನ್ನು ನೋಡಬೇಕಾದರೆ ಮಂಡಿಯೂರಲೇಬೇಕು. ಸುಮಾರು 1.5 ಸೆಂ.ಮೀ. ಉದ್ದದ ಆರು ಹಳದಿ ದಳಗಳು ನಕ್ಷತ್ರದಂತೆ ಬಿಚ್ಚಿಕೊಳ್ಳುತ್ತವೆ. ಹೊರಗಿನ ಮೂರರ ಬೆನ್ನಿನ ಮೇಲೆ ಕೂದಲಿದೆ. ಕೇಸರಗಳು ಆರು. ಹೂವು ಉದ್ದನೆಯ ತೊಟ್ಟಿನ ಮೇಲೆ ನಿಂತಂತೆ ಕಾಣುತ್ತದೆ, ಆದರೆ ಅದು ತೊಟ್ಟಲ್ಲ. ಅಂಡಾಶಯವು ಎಲೆಗಳ ಬುಡದ ಪೊರೆಯೊಳಗೆ, ಬಹುಮಟ್ಟಿಗೆ ಮಣ್ಣಿನ ಮಟ್ಟಕ್ಕಿಂತ ಕೆಳಗೆ ಹುದುಗಿರುತ್ತದೆ. ಅಲ್ಲಿಂದ ನೂಲಿನಷ್ಟು ಸಪೂರವಾದ ಒಂದು ಕೊಕ್ಕು ಎರಡು ಮೂರು ಸೆಂ.ಮೀ. ಮೇಲಕ್ಕೆ ಚಾಚಿ, ಅದರ ತುದಿಯಲ್ಲಿ ದಳಗಳು ಅರಳುತ್ತವೆ. ಅಂದರೆ ದಳ, ಕೇಸರ, ಶಲಾಕೆಯ ತುದಿ ಬೆಳಕಿನಲ್ಲಿದ್ದರೆ, ಕಾಯಿ ಕಟ್ಟಬೇಕಾದ ಭಾಗ ಮಾತ್ರ ಮಣ್ಣಿನ ಮರೆಯಲ್ಲಿ. ಮೇಯುವ ಕುರಿ ಹೂವನ್ನು ಎಲೆಯೊಡನೆ ಕಚ್ಚಿಕೊಂಡು ಹೋದರೂ ಪರಾಗ ತಲುಪಿದ್ದಲ್ಲಿ ಕಾಯಿಗೆ ಅಪಾಯವಿಲ್ಲ. ಈ ಗಿಡದ ರಚನೆಯಲ್ಲಿ ಅತ್ಯಂತ ಸೊಗಸಾದ ಸಂಗತಿ ಇದೇ.

ಒಂದೇ ಗೊಂಚಲಿನ ಹೂಗಳೆಲ್ಲ ಒಂದೇ ತೆರನಲ್ಲ. ಕೆಳಗಿನವು ಗಂಡು-ಹೆಣ್ಣು ಎರಡೂ ಅಂಗಗಳಿರುವ ಹೂಗಳು. ಮೇಲಿನವು ಬರೀ ಗಂಡು. ಜೇನ್ನೊಣಗಳೂ ಇತರ ಸಣ್ಣ ಕೀಟಗಳೂ ಬರುವುದು ಹೆಚ್ಚಾಗಿ ಪರಾಗಕ್ಕಾಗಿ. ಕಾಯಿ ತಿರುಳುಳ್ಳದ್ದು, ತುದಿಯಲ್ಲಿ ಕೊಕ್ಕು ಉಳಿದಿರುತ್ತದೆ; ಒಳಗೆ ಒಂದರಿಂದ ನಾಲ್ಕು ಬೀಜ. ಬೀಜ ಕಪ್ಪು, ಹೊಳಪು, ಮೈತುಂಬ ಅಲೆಯಲೆಯಾದ ಗೀರುಗಳು. ಕಾಯಿ ಸಿಡಿಯುವುದಿಲ್ಲ, ಗಾಳಿಗೆ ಹಾರುವುದಿಲ್ಲ. ಅಲ್ಲೇ ಕೊಳೆತು ಬೀಜ ತಾಯಿಯ ಬುಡದಲ್ಲೇ ಉಳಿಯುತ್ತದೆ. ಹಾಗಾಗಿ ನೆಲತಾಳೆ ದೂರದ ಗುಡ್ಡಕ್ಕೆ ಬೇಗ ಹರಡುವ ಗಿಡವಲ್ಲ. ಒಂದು ಜಾಗದಲ್ಲಿ ಅಳಿದರೆ ಅಲ್ಲಿಗೆ ಮರಳಿ ಬರುವುದು ಬಹಳ ನಿಧಾನ.

ಗಡ್ಡೆ ನೇರವಾಗಿ ಕೆಳಕ್ಕಿಳಿಯುವ ದಪ್ಪ ಗೂಟ. ಹಳೆಯ ಗಿಡಗಳಲ್ಲಿ ಒಂದು ಗೇಣಿಗೂ ಮಿಕ್ಕಿ ಉದ್ದವಿರುವುದುಂಟು. ಹೊರಮೈ ಕಡುಕಂದು, ಸುಕ್ಕು; ಕತ್ತರಿಸಿದರೆ ಒಳಗೆ ಬಿಳಿಚು, ಲೋಳೆ. ಪಕ್ಕಗಳಿಂದ ತಿರುಳು ತುಂಬಿದ ಬೇರುಗಳು ಹೊರಡುತ್ತವೆ. ಒಣಗಿಸಿ ಮಾರುವ ತುಂಡುಗಳ ಮೇಲೆ ಆ ಬೇರುಗಳು ಉದುರಿದ ಗುಂಡು ಗುರುತುಗಳು ಕಾಣುತ್ತವೆ.

ಐರಿಸ್ ಕುಟುಂಬದ ಹುಲ್ಲುಹೂಗಳು ಮತ್ತು ನೆಲತಾಳೆ

ಹುಲ್ಲಿನ ವೇಷದ ಹೂಗಿಡ ಎಂದರೆ ಪ್ರಪಂಚದ ಸಸ್ಯಪ್ರಿಯರಿಗೆ ಮೊದಲು ನೆನಪಾಗುವುದು ಐರಿಸ್ ಕುಟುಂಬದ ಸಿಸಿರಿಂಕಿಯಂ ಕುಲ. ಲಿನ್ನೇಯಸ್ 1753ರಲ್ಲಿ ಹೆಸರಿಸಿದ ಈ ಕುಲದ ತವರು ಅಮೆರಿಕ ಖಂಡಗಳು. ಕೆನಡದಿಂದ ಚಿಲಿ, ಅರ್ಜೆಂಟೀನಗಳವರೆಗೆ ನೂರಕ್ಕೂ ಮಿಕ್ಕ ಪ್ರಭೇದಗಳಿವೆ. ನೀಲಿ ದಳ, ನಡುವೆ ಹಳದಿ ಕಣ್ಣು ಇರುವ ಬರ್ಮುಡದ ಪ್ರಭೇದ ಆ ದ್ವೀಪದ ರಾಷ್ಟ್ರೀಯ ಹೂವು. ದಕ್ಷಿಣ ಅಮೆರಿಕದ ಹಲವು ಪ್ರಭೇದಗಳು ಮಕರಂದದ ಬದಲು ಎಣ್ಣೆ ಸ್ರವಿಸುವ ಕೂದಲುಗಳನ್ನು ಬೆಳೆಸಿಕೊಂಡಿವೆ. ಆ ಎಣ್ಣೆಯನ್ನು ಸಂಗ್ರಹಿಸುವ ವಿಶೇಷ ಜೇನುಗಳೇ ಅವುಗಳಿಗೆ ಪರಾಗ ಸಾಗಿಸುತ್ತವೆ.

ಸಿಸಿರಿಂಕಿಯಮ್ಮಿಗೂ ನೆಲತಾಳೆಗೂ ಹೋಲಿಕೆ ಸಾಕಷ್ಟಿದೆ. ಎರಡರಲ್ಲೂ ಆರು ದಳ, ಎರಡರಲ್ಲೂ ಅಂಡಾಶಯ ದಳಗಳ ಕೆಳಗೆ, ಎರಡರಲ್ಲೂ ಬಿಸಿಲಿನಲ್ಲಿ ಅರಳಿ ಬೇಗ ಬಾಡುವ ಹೂ. ವ್ಯತ್ಯಾಸ ಕೇಸರಗಳಲ್ಲಿ ಸ್ಪಷ್ಟ. ಐರಿಸ್ ಕುಟುಂಬದ ಹೂವಿನಲ್ಲಿ ಕೇಸರ ಮೂರೇ. ನೆಲತಾಳೆಯ ಕುಟುಂಬದಲ್ಲಿ ಸಾಮಾನ್ಯವಾಗಿ ಆರು. ಎಲೆಯೂ ಬೇರೆ. ಐರಿಸ್ ಬಳಗದ ಎಲೆಗಳು ಕತ್ತಿಯಂತೆ ಚಪ್ಪಟೆಯಾಗಿ, ಬುಡದಲ್ಲಿ ಒಂದನ್ನೊಂದು ಕಚ್ಚಿಕೊಂಡು ಎರಡೇ ಸಾಲಿನಲ್ಲಿ ಬೀಸಣಿಗೆಯಾಗಿ ನಿಲ್ಲುತ್ತವೆ. ನೆಲತಾಳೆಯವು ನೆರಿಗೆಗಟ್ಟಿ ಸುತ್ತಲೂ ಹರಡುತ್ತವೆ. ಎರಡು ಕುಟುಂಬಗಳಿಗೂ ಅತಿ ಹೆಚ್ಚು ವೈವಿಧ್ಯವಿರುವುದು ಆಫ್ರಿಕದ ದಕ್ಷಿಣ ಭಾಗದಲ್ಲಿ. ಮಳೆ ಒಂದು ಕಾಲಕ್ಕೆ ಸೀಮಿತವಾಗಿ, ಉಳಿದ ಕಾಲದಲ್ಲಿ ಒಣಗು, ಬೆಂಕಿ, ಮೇಯುವ ಪ್ರಾಣಿಗಳು ಇರುವ ಬಯಲಿನಲ್ಲಿ ಗಡ್ಡೆಯನ್ನು ಕೆಳಗಿಟ್ಟು ಹುಲ್ಲಿನಂಥ ಎಲೆಯನ್ನು ಮೇಲಿಟ್ಟು ಬಾಳುವ ಮಾರ್ಗವನ್ನು ಬೇರೆ ಬೇರೆ ಕುಟುಂಬಗಳು ಬೇರೆ ಬೇರೆಯಾಗಿ ಕಂಡುಕೊಂಡಿವೆ. ಅಮೆರಿಕದ ಬಯಲುಗಳಲ್ಲಿ ಅದನ್ನು ಮಾಡಿದ್ದು ಐರಿಸ್ ಬಳಗ. ತುಮಕೂರು ಜಿಲ್ಲೆಯ ಗುಡ್ಡಗಳಲ್ಲಿ ಆ ಸ್ಥಾನ ನೆಲತಾಳೆಯದು ಮತ್ತು ಅದರ ಕೆಲವು ನೆರೆಯವರದು.

ಕರ್ನಾಟಕದ ಬಯಲಿನಲ್ಲಿ ಐರಿಸ್ ಕುಟುಂಬದ ಗಿಡಗಳೆಂದರೆ ತೋಟದವು. ಕಿತ್ತಳೆ ದಳಗಳ ಮೇಲೆ ಕೆಂಪು ಚುಕ್ಕೆಯ ಚಿರತೆಹೂ ಮನೆಯಂಗಳದ ಅಲಂಕಾರ. ಗ್ಲಾಡಿಯೋಲಸ್ ಮಾರುಕಟ್ಟೆಯ ಬೆಳೆ; ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅದರಲ್ಲಿ ಅರ್ಕಾ ಹೆಸರಿನ ಹಲವು ತಳಿಗಳನ್ನು ರೂಪಿಸಿದೆ. ತಾನಾಗಿ ಬೆಳೆಯುವ ಹುಲ್ಲುಹೂವನ್ನು ಹುಡುಕುವವರು ಅವುಗಳ ದೂರದ ನಂಟನಾದ ನೆಲತಾಳೆಯ ಕಡೆಗೇ ಬರಬೇಕು.

ಹೆಸರು, ದಾಖಲೆ

ಕುಲವನ್ನೂ ಪ್ರಭೇದವನ್ನೂ 1788ರಲ್ಲಿ ಹೆಸರಿಸಿದವರು ಜರ್ಮನ್ ವೈದ್ಯ, ಬೀಜಶಾಸ್ತ್ರಜ್ಞ ಯೋಸೆಫ್ ಗೇರ್ಟ್ನರ್. ಕಾಯಿಯ ಕೊಕ್ಕನ್ನು ಕಂಡು ಕಾಳಿಗೆ ಬೀಳುವ ಮೂತಿಹುಳುವಿನ ಲ್ಯಾಟಿನ್ ಹೆಸರನ್ನು ಕುಲಕ್ಕೆ ಕೊಟ್ಟರು. ಅದಕ್ಕೂ ಒಂದು ಶತಮಾನ ಮೊದಲೇ, 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಹೊರಬಂದ, ಮಲಬಾರಿನ ಸಸ್ಯಗಳ ಗ್ರಂಥ ಹಾರ್ಟಸ್ ಮಲಬಾರಿಕಸ್ ಮಲಯಾಳಂ ಹೆಸರಿನಲ್ಲೇ ಇದನ್ನು ಚಿತ್ರಿಸಿತ್ತು. ವಿಲಿಯಂ ರಾಕ್ಸ್‌ಬರ್ಗ್ ಕೋರಮಂಡಲ ತೀರದ ಸಸ್ಯಗಳ ಕುರಿತ ತಮ್ಮ ಗ್ರಂಥದ ಮೊದಲ ಸಂಪುಟದಲ್ಲಿ, 1795ರಲ್ಲಿ, ಬಣ್ಣದ ಚಿತ್ರ ಪ್ರಕಟಿಸಿದರು. ಬಹುಕಾಲ ಇದನ್ನು ಅಮರಿಲ್ಲಿಡೇಸಿ ಕುಟುಂಬದಲ್ಲಿ ಸುಗಂಧರಾಜದಂಥ ಹೂಗಳ ಜೊತೆ ಇಟ್ಟಿದ್ದರು. ಹೈಪಾಕ್ಸಿಡೇಸಿಯನ್ನು ರಾಬರ್ಟ್ ಬ್ರೌನ್ 1814ರಲ್ಲೇ ಪ್ರತ್ಯೇಕಿಸಿದ್ದರೂ ಅದು ಎಲ್ಲರ ಒಪ್ಪಿಗೆ ಪಡೆದದ್ದು ವಂಶವಾಹಿ ಅಧ್ಯಯನಗಳು ಬಂದ ಮೇಲೆ.

ಕನ್ನಡದಲ್ಲಿ ನೆಲತಾಳೆ, ನೆಲತಾಟಿ ಎಂಬ ಹೆಸರುಗಳಿವೆ. ಆಂಧ್ರದ ಗಡಿಗೆ ಅಂಟಿಕೊಂಡ ಪಾವಗಡದ ಕಡೆ ತೆಲುಗಿನ ನೇಲತಾಡಿಯೂ ಸಲ್ಲುತ್ತದೆ. ತಮಿಳಿನ ನಿಲಪ್ಪನೈ, ಮಲಯಾಳಂನ ನಿಲಪ್ಪನ, ಸಂಸ್ಕೃತದ ತಾಲಮೂಲಿ ಎಲ್ಲವೂ ತಾಳೆಯ ಹೋಲಿಕೆಯಿಂದಲೇ ಬಂದವು. ಕೇರಳದಲ್ಲಿ ಪವಿತ್ರವೆಂದು ಎಣಿಸುವ ಹತ್ತು ಗಿಡಗಳಾದ ದಶಪುಷ್ಪಗಳಲ್ಲಿ ಇದೂ ಒಂದು.

ಮದಲೂರು ಸೀಮೆಯ ನೆಲೆ

ಶಿರಾ ತಾಲ್ಲೂಕಿನ ಮದಲೂರು ತನ್ನ ದೊಡ್ಡ ಕೆರೆಯಿಂದ ಹೆಸರಾದ ಊರು. ಆ ಕೆರೆಗೆ ಹೇಮಾವತಿ ನೀರು ಹರಿಸಬೇಕೆಂಬ ಬೇಡಿಕೆ 2020ರ ಶಿರಾ ಉಪಚುನಾವಣೆಯ ಮುಖ್ಯ ವಿಷಯಗಳಲ್ಲೊಂದಾಗಿತ್ತು. ಕೆರೆಯ ನೀರಿಗೆ ಇಷ್ಟು ಬೆಲೆ ಬಂದಿರುವುದೇ ಈ ಸೀಮೆಯ ಮಳೆಯ ಸ್ಥಿತಿಯನ್ನು ಹೇಳುತ್ತದೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ನಾಲ್ಕೂ ಮಳೆ ಕಡಿಮೆಯ ತಾಲ್ಲೂಕುಗಳು. ಪಾವಗಡ ಅವುಗಳಲ್ಲಿ ಅತ್ಯಂತ ಒಣಗು. ಮುಂಗಾರಿನ ಮೊದಲ ಭಾಗ ಹಲವು ವರ್ಷ ಕೈಕೊಡುತ್ತದೆ. ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ ಮಳೆಗಳೇ ಇಲ್ಲಿ ಶೇಂಗಾ, ರಾಗಿಯ ಭವಿಷ್ಯ ನಿರ್ಧರಿಸುವುದು.

ನೆಲ ಹೆಚ್ಚಾಗಿ ಗ್ರಾನೈಟು, ಗ್ನೈಸ್ ಕಲ್ಲಿನದು. 1,190 ಮೀಟರು ಎತ್ತರದ ಮಧುಗಿರಿಯ ಏಕಶಿಲೆ, ಚನ್ನರಾಯನದುರ್ಗ, ಸಿದ್ಧರಬೆಟ್ಟ, ಪಾವಗಡದ ಕೋಟೆಗುಡ್ಡ ಎಲ್ಲವೂ ಬಯಲಿನಿಂದ ಏಕಾಏಕಿ ಎದ್ದ ಕಲ್ಲುಗಳು. ಬಂಡೆಯ ಮೇಲೆ ಬಿದ್ದ ಮಳೆ ಇಂಗದೆ ಬುಡಕ್ಕೆ ಹರಿಯುತ್ತದೆ. ಆದ್ದರಿಂದ ಬಂಡೆಯ ಬುಡದ ಹರಳುಮಣ್ಣಿನ ಪಟ್ಟಿಗೆ, ಸುತ್ತಲ ಹೊಲಕ್ಕೆ ಸಿಗುವುದಕ್ಕಿಂತ ಹೆಚ್ಚು ನೀರು ಸಿಗುತ್ತದೆ. ನೀರು ಬಸಿದು ಹೋಗುವ, ಆದರೆ ಪೂರ್ತಿ ಒಣಗದ, ಅರೆನೆರಳಿನ ಇಂಥ ಜಾಗ ನೆಲತಾಳೆಗೆ ಹಿತ. ಬಂದರಿಕೆ, ತಂಗಡಿ, ಕಗ್ಗಲಿ, ಸೀತಾಫಲದ ಪೊದೆಗಳ ಸೆರಗಿನಲ್ಲಿ, ಬಾದೆಹುಲ್ಲು, ಕರಡದ ಬುಡಗಳ ನಡುವೆ ಇದನ್ನು ಹುಡುಕಬೇಕು. ನೀರು ನಿಲ್ಲುವ ಎರೆಮಣ್ಣಿನಲ್ಲಿ, ಉತ್ತ ಹೊಲದಲ್ಲಿ ಹುಡುಕಿ ಪ್ರಯೋಜನವಿಲ್ಲ. ಜಯಮಂಗಲಿ ನದಿ ಹುಟ್ಟುವ ದೇವರಾಯನದುರ್ಗದ ಎಲೆಯುದುರುವ ಕಾಡು ಕೊರಟಗೆರೆ ತಾಲ್ಲೂಕಿನ ಅಂಚಿನಲ್ಲೇ ಇದ್ದು, ಅಲ್ಲಿ ನೆರಳೂ ಎಲೆಗೊಬ್ಬರವೂ ಹೆಚ್ಚು.

ವರ್ಷದ ಲೆಕ್ಕದಲ್ಲಿ ಇದರ ಬಾಳು ಹೀಗೆ. ಶಿವರಾತ್ರಿ ಹೊತ್ತಿಗೆ ಎಲೆಗಳು ಒಣಗಿ ನೆಲದ ಮೇಲೆ ಏನೂ ಉಳಿದಿರುವುದಿಲ್ಲ. ಗುಡ್ಡಗಳಿಗೆ ಬೆಂಕಿ ಬೀಳುವ ಕಾಲ ಅದೇ. ಮೇಲಿನ ಹುಲ್ಲು ಬೂದಿಯಾದರೂ ನಾಲ್ಕಾರು ಬೆರಳು ಕೆಳಗಿರುವ ಗಡ್ಡೆಗೆ ಕಾವು ತಟ್ಟುವುದು ಕಡಿಮೆ. ಮೊದಲ ಹದಮಳೆಗೆ ಮೊಳಕೆ ಮೇಲೇಳುತ್ತದೆ. ಎಲೆ ಬಿಚ್ಚುತ್ತಿರುವಾಗಲೇ, ಮಳೆಗಾಲದ ನಡುವೆ, ಹೂ ಶುರು. ಹಿಂದಿನ ವರ್ಷ ಗಡ್ಡೆಯಲ್ಲಿ ಕೂಡಿಟ್ಟ ಹಿಟ್ಟಿನ ಬಲದಿಂದಲೇ ಇದು ಸಾಧ್ಯ. ಸುತ್ತಲ ಹುಲ್ಲು ಎತ್ತರಕ್ಕೇರಿ ಬೆಳಕು ಮರೆಮಾಡುವ ಮುನ್ನವೇ ಹೂವಿನ ಕೆಲಸ ಬಹುಪಾಲು ಮುಗಿದಿರುತ್ತದೆ. ಮಳೆ ಕೈಕೊಟ್ಟ ವರ್ಷ ಗಿಡ ಒಂದೆರಡು ಎಲೆ ಮಾತ್ರ ಬಿಟ್ಟು, ಹೂವಿಲ್ಲದೆ, ಮುಂದಿನ ವರ್ಷಕ್ಕೆ ಕಾಯುತ್ತದೆ. ಬರ ಹೊಸದಲ್ಲದ ಸೀಮೆಗೆ ಇದಕ್ಕಿಂತ ಒಗ್ಗಿದ ನಡೆ ಇನ್ನೊಂದಿಲ್ಲ.

ಅದರ ನೆರೆಯಲ್ಲೂ ಇದೇ ರೀತಿ ಬಾಳುವ ಗಿಡಗಳಿವೆ. ಎಲೆಯಿಲ್ಲದ ಒಣ ನೆಲದಿಂದ ಬೇಸಿಗೆಯಲ್ಲೇ ಹೂದಂಡ ಎತ್ತುವ ಕಾಡು ಈರುಳ್ಳಿ; ಮುಂಗಾರಿನ ಮೊದಲಲ್ಲಿ ಬಿಳಿ ಹೂ ತುಂಬಿಕೊಳ್ಳುವ ಕ್ಲೋರೊಫೈಟಂ ಜಾತಿಗಳು; ಎಲೆ ಹುಲ್ಲಿನಷ್ಟೇ ಸಪೂರವಾಗಿದ್ದು ಕಡುನೇರಳೆಯ ಪುಟ್ಟ ಹೂ ಬಿಡುವ ಇಫಿಜೀನಿಯ; ಎಲೆಯ ಮೇಲೆ ನೇರಳೆ ಮಚ್ಚೆಯ ಲೆಡಿಬೂರಿಯ; ಗೌರಿಹಬ್ಬದ ಸುಮಾರಿಗೆ ಬೇಲಿ ಹತ್ತಿ ಉರಿಯುವ ಗೌರಿಹೂ. ಇವು ಯಾವುವೂ ನೆಲತಾಳೆಯ ಕುಟುಂಬದವಲ್ಲ, ಆದರೆ ಎಲ್ಲವೂ ತಮ್ಮ ಆಸ್ತಿಯನ್ನು ಮಣ್ಣಿನಡಿ ಇಟ್ಟುಕೊಂಡವು.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 798 ಎಕರೆಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಇದೆ. ಕೃಷ್ಣಮೃಗಕ್ಕಾಗಿ ಉಳಿಸಿದ ಆ ಹುಲ್ಲುಬಯಲು ಈ ಸೀಮೆಯ ಹುಲ್ಲುನೆಲ ಮೊದಲು ಹೇಗಿತ್ತೆಂಬುದಕ್ಕೆ ಉಳಿದಿರುವ ಕೆಲವೇ ಸಾಕ್ಷಿಗಳಲ್ಲೊಂದು. ಉಳಿದ ಹುಲ್ಲುನೆಲಗಳು ಗೋಮಾಳ, ಹುಲ್ಲುಬನ್ನಿ ಖರಾಬು, ಕಾವಲು ಎಂಬ ಹೆಸರಿನಲ್ಲಿ ಕಂದಾಯದ ಲೆಕ್ಕಕ್ಕೆ ಸೇರಿದವು. ಖರಾಬು ಎಂದು ಬರೆದ ನೆಲದಲ್ಲಿ ಏನೂ ಇಲ್ಲ ಎಂಬ ಎಣಿಕೆಯಿಂದಲೇ ಅಲ್ಲಿ ನೀಲಗಿರಿ ನೆಡುವುದು, ಕಲ್ಲುಗಣಿಗೆ ಕೊಡುವುದು, ಸಾಗುವಳಿಗೆ ಹಂಚುವುದು ನಡೆದುಬಂದಿದೆ. ಕಾಡುಗೊಲ್ಲರ ಹಟ್ಟಿಗಳ ಕುರಿಹಿಂಡುಗಳು ತಲೆಮಾರುಗಳಿಂದ ಮೇದ ನೆಲದಲ್ಲಿ ನೆಲತಾಳೆ ಉಳಿದುಕೊಂಡಿತು. ಟ್ರ್ಯಾಕ್ಟರಿನ ನೇಗಿಲು ಒಮ್ಮೆ ಹಾದ ನೆಲದಲ್ಲಿ ಉಳಿಯಲಿಲ್ಲ. ಮೇವು ಎಲೆಯನ್ನಷ್ಟೇ ತೆಗೆಯುತ್ತದೆ, ಉಳುಮೆ ಗಡ್ಡೆಯನ್ನೇ ಬಿಸಿಲಿಗೆ ಎತ್ತಿ ಹಾಕುತ್ತದೆ. ಪಾವಗಡದ ತಿರುಮಣಿ ಸುತ್ತ ರೈತರಿಂದ ಗುತ್ತಿಗೆಗೆ ಪಡೆದ 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ವಿದ್ಯುತ್ ಸ್ಥಾವರ ಎದ್ದ ಮೇಲೆ ಒಣನೆಲಕ್ಕೆ ಹೊಸ ಬೆಲೆ ಬಂದಿದೆ. ಅಂಥ ಯೋಜನೆ ಇನ್ನೊಂದು ಗುಡ್ಡದ ಸೆರಗಿಗೆ ಬರುವ ಮುನ್ನ ಅಲ್ಲಿನ ಹುಲ್ಲಿನಲ್ಲಿ ಏನಿದೆ ಎಂದು ಒಂದು ಮಳೆಗಾಲ ಪೂರ್ತಿ ನೋಡುವುದು ನ್ಯಾಯ. ಬೇಸಿಗೆಯಲ್ಲಿ ಸರ್ವೆ ಮಾಡಿದವರಿಗೆ ನೆಲತಾಳೆಯ ಒಂದು ಎಲೆಯೂ ಕಾಣಿಸುವುದಿಲ್ಲ.

ಔಷಧಿಯಾಗಿ

ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟ ಗಿಡಮೂಲಿಕೆಗಳಿಗೆ ಹೆಸರಾದ ಬೆಟ್ಟ. ಈ ಸೀಮೆಯ ನಾಟಿ ಪಂಡಿತರ ಬೇರು-ಗಡ್ಡೆಗಳ ತಿಳಿವಳಿಕೆಗೆ ಅದು ಒಂದು ನೆಲೆಯಂತಿದೆ. ಆಯುರ್ವೇದದಲ್ಲಿ ಮುಸಲಿ ಎಂದರೆ ಮುಖ್ಯವಾಗಿ ಎರಡು. ಬಿಳಿ ಮುಸಲಿ ಕ್ಲೋರೊಫೈಟಂ ಕುಲದ ಬೇರು, ಕರಿ ಮುಸಲಿ ನೆಲತಾಳೆಯ ಗಡ್ಡೆ. 16ನೆಯ ಶತಮಾನದ ಭಾವಪ್ರಕಾಶ ನಿಘಂಟಿನಲ್ಲಿ ಮುಸಲಿಯ ಗುಣಗಳ ವಿವರ ಬರುತ್ತದೆ. ದೇಹಕ್ಕೆ ಬಲ ಕೊಡುವ, ವೀರ್ಯವೃದ್ಧಿಯ ಮದ್ದೆಂದು ಇದರ ಪ್ರಸಿದ್ಧಿ. ಮೂಲವ್ಯಾಧಿ, ಕಾಮಾಲೆ, ಉಬ್ಬಸ, ಮೂತ್ರದ ಉರಿ, ಬಿಳಿಸೆರಗು ಇವುಗಳಿಗೂ ಬೇರೆ ಬೇರೆ ಕಡೆ ಹಾಲಿನಲ್ಲೋ ಕಷಾಯದಲ್ಲೋ ಕೊಡುತ್ತಾರೆ. ಸಿದ್ಧ ವೈದ್ಯ, ಯುನಾನಿ ವೈದ್ಯಗಳಲ್ಲೂ ಇದಕ್ಕೆ ಸ್ಥಾನವಿದೆ. ಚೀನದಲ್ಲಿ ಸಿಯಾನ್ ಮಾವೊ ಎಂದು ಕರೆದು ಮೂಳೆ, ಕೀಲುಗಳ ದುರ್ಬಲತೆಗೆ ಬಳಸುತ್ತಾರೆ.

ಗಡ್ಡೆಯಲ್ಲಿ ಕರ್ಕ್ಯುಲಿಗೊಸೈಡ್ ಎಂಬ ಫೀನಾಲಿಕ್ ಸಂಯುಕ್ತ, ಸಪೋನಿನ್‌ಗಳು, ಲೋಳೆ, ಪಿಷ್ಟ ಇವೆ. ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಹಾರ್ಮೋನು, ಮೂಳೆ, ಯಕೃತ್ತಿಗೆ ಸಂಬಂಧಿಸಿದ ಪರಿಣಾಮಗಳು ಕಂಡಿವೆ. ಇಲಿಯಲ್ಲಿ ಕಂಡದ್ದು ಮನುಷ್ಯನಿಗೂ ಹಾಗೆಯೇ ಸಲ್ಲುತ್ತದೆ ಎಂದು ಹೇಳಲಾಗದು. ಚೀನೀ ವೈದ್ಯಪರಂಪರೆ ಈ ಗಡ್ಡೆಗೆ ಅಲ್ಪ ವಿಷಗುಣವಿದೆಯೆಂದು ಎಚ್ಚರಿಸುತ್ತದೆ. ಬಲವರ್ಧಕವೆಂಬ ಜಾಹೀರಾತು ನಂಬಿ ತಾನೇ ಪ್ರಮಾಣ ನಿರ್ಧರಿಸಿ ದೀರ್ಘಕಾಲ ತಿನ್ನುವುದು ಅಪಾಯ. ಬಲ್ಲ ವೈದ್ಯರ ಮಾತಿನ ಮೇಲೆಯೇ ಬಳಸಬೇಕು.

ಎರಡು ಮುಸಲಿಗಳ ನಡುವೆ ಗಿಡದ ದೃಷ್ಟಿಯಿಂದ ದೊಡ್ಡ ಅಂತರವಿದೆ, ಕೊಳ್ಳುವವರ ಗಮನಕ್ಕೆ ಅದು ಬರುವುದೇ ಇಲ್ಲ. ಬಿಳಿ ಮುಸಲಿಯಲ್ಲಿ ಬೇರುಗಳು ಬುಡದಿಂದ ಗೊನೆಯಾಗಿ ಇಳಿಯುತ್ತವೆ. ಕೆಲವನ್ನು ಮುರಿದುಕೊಂಡು ಬುಡವನ್ನು ಮರಳಿ ನೆಟ್ಟರೆ ಗಿಡ ಚಿಗುರುತ್ತದೆ. ಅದನ್ನು ಹೊಲದಲ್ಲಿ ಬೆಳೆಯಾಗಿಯೂ ಬೆಳೆಸುತ್ತಾರೆ. ನೆಲತಾಳೆಯಲ್ಲಿ ಮಾರಾಟದ ಮಾಲೂ ಗಿಡದ ಜೀವವೂ ಒಂದೇ ಗೂಟದಲ್ಲಿವೆ. ಗುದ್ದಲಿ ಹಾಕಿ ಆ ಗೂಟವನ್ನು ಇಡಿಯಾಗಿ ಕಿತ್ತರೆ ಹಲವು ವರ್ಷಗಳ ಗಿಡ ಅಲ್ಲಿಗೆ ಮುಗಿಯಿತು. ಎಲೆ ಹಸಿರಾಗಿದ್ದಾಗ ಮಾತ್ರ ಗಿಡ ಪತ್ತೆಯಾಗುವುದರಿಂದ ಕೀಳುವುದು ಬಹುಮಟ್ಟಿಗೆ ಮಳೆಗಾಲದಲ್ಲಿ, ಬೀಜ ಬಲಿಯುವ ಮೊದಲೇ. ಪೇಟೆಗೆ ಬರುವ ಕರಿ ಮುಸಲಿಯಲ್ಲಿ ಬಹುಪಾಲು ಇಂದಿಗೂ ಕಾಡಿನಿಂದ ಬಂದದ್ದು. ದೇಶದ ಹಲವೆಡೆ ಇದು ಅಳಿವಿನ ಅಂಚಿಗೆ ಬಂದಿದೆಯೆಂದು ಗುರುತಿಸಲು ಕಾರಣ ಈ ಕೀಳುವಿಕೆಯೇ.

ಬೆಂಗಳೂರಿನಲ್ಲಿ 1993ರಲ್ಲಿ ಆರಂಭವಾದ, ಎಫ್‌ಆರ್‌ಎಲ್‌ಎಚ್‌ಟಿ ಎಂದು ಹೆಸರಾದ ಸ್ಥಳೀಯ ಆರೋಗ್ಯ ಪರಂಪರೆ ಪುನಶ್ಚೇತನ ಪ್ರತಿಷ್ಠಾನ ಮತ್ತು ಕರ್ನಾಟಕ ಅರಣ್ಯ ಇಲಾಖೆ ಸೇರಿ ಔಷಧಿ ಸಸ್ಯಗಳನ್ನು ಅವುಗಳ ನೆಲೆಯಲ್ಲೇ ಕಾಯುವ ಸಂರಕ್ಷಣಾ ಪ್ರದೇಶಗಳನ್ನು ಗುರುತಿಸಿದವು. ದೇವರಾಯನದುರ್ಗ ಅವುಗಳಲ್ಲೊಂದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯೂ ತನ್ನ ವ್ಯಾಪ್ತಿಯ ಜೀವವೈವಿಧ್ಯ ದಾಖಲಾತಿಯನ್ನು ಇಡಬೇಕು. ಗುಡ್ಡ, ಗೋಮಾಳ ಇರುವ ಪಂಚಾಯತಿಗಳ ದಾಖಲಾತಿಯಲ್ಲಿ ಮರಗಳ ಪಟ್ಟಿಯ ಜೊತೆಗೆ ಈ ಗಡ್ಡೆಗಿಡಗಳೂ ಬರಬೇಕಾದರೆ ಕುರಿ ಕಾಯುವವರನ್ನೂ ನಾಟಿ ವೈದ್ಯರನ್ನೂ ಕರೆದುಕೊಂಡು ಆಷಾಢ, ಶ್ರಾವಣದಲ್ಲಿ ಗುಡ್ಡ ಹತ್ತಬೇಕು.

ಕುಲದ ಉಳಿದವರು

ಕರ್ಕ್ಯುಲಿಗೊ ಕುಲದ ಬಂಧುಗಳು ಏಷ್ಯ, ಆಫ್ರಿಕ, ಅಮೆರಿಕಗಳ ಉಷ್ಣವಲಯದಲ್ಲಿ ಹರಡಿದ್ದಾರೆ. ಪಶ್ಚಿಮಘಟ್ಟದಲ್ಲಿ ಕರ್ಕ್ಯುಲಿಗೊ ಟ್ರೈಕೊಕಾರ್ಪ ಎಂಬ ಇನ್ನೊಂದು ಪ್ರಭೇದವಿದೆ. ಸೇಶೆಲ್ಸ್ ದ್ವೀಪಗಳಿಗೆ ಅಲ್ಲಿನದೇ ಆದ ಒಂದು ಪ್ರಭೇದವುಂಟು. ಅಗಲ ಎಲೆಯ, ಸೊಂಟದೆತ್ತರದ ಕೆಲವನ್ನು ಉದ್ಯಾನಗಳಲ್ಲಿ ಅಲಂಕಾರಕ್ಕೆ ಬೆಳೆಸುತ್ತಾರೆ.

ಇವುಗಳಲ್ಲಿ ಮಲೇಷ್ಯ, ಬೋರ್ನಿಯೊಗಳ ಕರ್ಕ್ಯುಲಿಗೊ ಲ್ಯಾಟಿಫೋಲಿಯ ಬಹಳ ಕುತೂಹಲದ್ದು. ಪೂರ್ವ ಕಾಲಿಮಂತಾನಿನ ದಯಾಕ್ ಬೆನುವಾಕ್ ಜನ ಅದರ ಎಲೆಯ ನಾರಿನಿಂದ ಉಲಾಪ್ ದೊಯೊ ಎಂಬ ಬಟ್ಟೆ ನೇಯುತ್ತಾರೆ. ಅದರ ಹಣ್ಣಿನಲ್ಲಿ ಕರ್ಕ್ಯುಲಿನ್ ಎಂಬ ಪ್ರೋಟೀನಿದೆ. ಅದು ತಾನೇ ಸಿಹಿ. ಜೊತೆಗೆ ಅದನ್ನು ಬಾಯಾಡಿಸಿದ ಮೇಲೆ ಹುಳಿ ತಿಂದರೆ ಹುಳಿಯೂ ಸಿಹಿಯಾಗುತ್ತದೆ. ಜಪಾನಿನ ವಿಜ್ಞಾನಿಗಳು 1990ರಲ್ಲಿ ಇದನ್ನು ಬೇರ್ಪಡಿಸಿ ವಿವರಿಸಿದರು. ಸಕ್ಕರೆಗೆ ಬದಲಿ ಹುಡುಕುವವರ ಕಣ್ಣು ಅಂದಿನಿಂದ ಅದರ ಮೇಲಿದೆ. ಇದೇ ಕುಟುಂಬದ ಹೈಪಾಕ್ಸಿಸ್ ಕುಲದ ಗಡ್ಡೆಯೊಂದು ದಕ್ಷಿಣ ಆಫ್ರಿಕದ ಜನಪದ ವೈದ್ಯದಲ್ಲಿ ಆಫ್ರಿಕದ ಆಲೂಗಡ್ಡೆಯೆಂದು ಪ್ರಸಿದ್ಧ. ಅಲ್ಲೂ ಅತಿಯಾಗಿ ಅಗೆಯುವುದೇ ಸಮಸ್ಯೆಯಾಗಿದೆ.

ಬೆಳೆಸುವುದು

ಬೀಜದಿಂದ ನೆಲತಾಳೆ ಎಬ್ಬಿಸುವುದು ತಾಳ್ಮೆಯ ಕೆಲಸ. ಗಿಡವೊಂದು ಕೊಡುವ ಬೀಜಗಳೇ ಕಡಿಮೆ, ಅವೂ ಬೇಗ ಮೊಳೆಯುವುದಿಲ್ಲ. ಗಡ್ಡೆಯನ್ನು ಒಂದೂವರೆ-ಎರಡು ಸೆಂ.ಮೀ. ತುಂಡುಗಳಾಗಿ ಮಾಡಿ ಮುಂಗಾರಿನ ಮೊದಲಲ್ಲಿ ಊರುವುದು ರೂಢಿಯಲ್ಲಿರುವ ಮಾರ್ಗ. ಪ್ರಯೋಗಾಲಯಗಳಲ್ಲಿ ಎಲೆಯ ತುಣುಕಿನಿಂದಲೇ ಮರಿಗಡ್ಡೆಗಳನ್ನು ಎಬ್ಬಿಸುವ ಅಂಗಾಂಶ ಕೃಷಿಯೂ ಸಾಧ್ಯವಾಗಿದೆ. ಹೊಲಕ್ಕಿಂತ ತೋಟದ ನೆರಳು ಇದಕ್ಕೆ ಹೆಚ್ಚು ಹೊಂದುತ್ತದೆ; ಶಿರಾ, ಮಧುಗಿರಿಯ ಮಾವಿನ ಮರಗಳ ಬುಡದಲ್ಲಿ, ತೆಂಗಿನ ಸಾಲುಗಳ ನಡುವೆ ಉಳುಮೆ ಮಾಡದೆ ಬಿಟ್ಟ ಪಟ್ಟಿ ಸಾಕು. ಮಣ್ಣು ಹರಳಾಗಿರಬೇಕು, ನೀರು ನಿಲ್ಲಬಾರದು, ಒಣಗಿದ ಎಲೆಯ ಹೊದಿಕೆಯಿದ್ದರೆ ಒಳ್ಳೆಯದು.

ಗುಡ್ಡದಿಂದ ಕೀಳಲೇಬೇಕಾದವರು ಕಾಯಿ ಬಲಿತು ಎಲೆ ಹಳದಿಗೆ ತಿರುಗುವ ತನಕ ಕಾದು, ದೊಡ್ಡ ಗಿಡಗಳನ್ನಷ್ಟೇ ಅಗೆಯಬೇಕು. ಗಡ್ಡೆಯ ತಲೆಯನ್ನು ಮೊಳಕೆಯ ಕಣ್ಣಿನ ಸಮೇತ ಒಂದೆರಡು ಸೆಂ.ಮೀ. ಉಳಿಸಿ ಕತ್ತರಿಸಿ, ಅದೇ ಗುಂಡಿಯಲ್ಲಿಟ್ಟು, ಬುಡದಲ್ಲಿ ಸಿಕ್ಕ ಕಪ್ಪು ಬೀಜಗಳನ್ನೂ ಅಲ್ಲೇ ಹಾಕಿ ಮಣ್ಣು ಮುಚ್ಚಿದರೆ, ನೆಲದಲ್ಲಿ ತೇವವಿರುವಾಗ ಆ ತುಂಡು ಹೊಸ ಬೇರು ಬಿಟ್ಟುಕೊಂಡು ಮುಂದಿನ ಮುಂಗಾರಿಗೆ ಚಿಗುರುತ್ತದೆ.